ಹದಿನೆಂಟು ದಾಟಿದವರ ಹಗಲು ಕೇಂದ್ರ: ಜೂನ್‌ನಿಂದ ಮೇವರೆಗೆ ಏನೇನು ಮಾಡಬೇಕು

ವಿಶೇಷ ಶಾಲೆಯಲ್ಲಿ ಹದಿನೆಂಟು ತುಂಬಿದ ದಿನ ಹೂವು, ಸಿಹಿ, ಒಂದು ಗ್ರೂಪ್ ಫೋಟೊ. ಮರುದಿನದಿಂದ ಆ ಹುಡುಗ ಮನೆಯ ಜಗಲಿಯ ಮೇಲೆ. ಬಟ್ಟೆ ಮಡಚುವುದು, ಹೆಸರು ಬರೆಯುವುದು, ಸಾಲಿನಲ್ಲಿ ಕಾಯುವುದು ಎಂದು ಹತ್ತು ವರ್ಷ ಕೂತು ಕಲಿತದ್ದೆಲ್ಲ ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಒಂದೊಂದಾಗಿ ಮರೆತುಹೋಗುತ್ತದೆ. ಮಲೆನಾಡಿನ ನಮ್ಮ ತಾಲ್ಲೂಕು ಪೇಟೆಯಲ್ಲಿ ಏಳೆಂಟು ಮನೆಯವರು ಸೇರಿ ಬೌದ್ಧಿಕ ಅಸಾಮರ್ಥ್ಯ ಇರುವವರಿಗೆ ಹಗಲು ಕೇಂದ್ರ ಶುರು ಮಾಡಿದ್ದು ಇದನ್ನು ನೋಡಿ ಸಹಿಸಲಾರದೆ. ಈಗ ಹತ್ತೊಂಬತ್ತು ಜನ ಬರುತ್ತಾರೆ. ಅತಿ ಚಿಕ್ಕವನಿಗೆ ಹತ್ತೊಂಬತ್ತು ವರ್ಷ, ಎಲ್ಲರಿಗಿಂತ ಹಿರಿಯರಿಗೆ ನಲವತ್ತಾರು.

ಅಂಥ ಕೇಂದ್ರ ನಡೆಸುತ್ತಿರುವವರು, ಶುರು ಮಾಡಬೇಕೆಂದಿರುವ ತಂದೆ-ತಾಯಂದಿರು ನಮ್ಮನ್ನು ಆಗಾಗ ಕೇಳುವುದು ಒಂದೇ: "ವರ್ಷವಿಡೀ ಏನು ಮಾಡಿಸುತ್ತೀರಿ?" ನಾನು ಕಲಿತ ಕ್ರಮವನ್ನು ತಿಂಗಳ ಲೆಕ್ಕದಲ್ಲಿ ಇಲ್ಲಿ ಬರೆಯುತ್ತಿದ್ದೇನೆ. ಇದರ ಹಿಂದೆ ಒಂದೇ ಅಳತೆಗೋಲಿದೆ. ವರ್ಷದಲ್ಲಿ ಎಷ್ಟು ಕಾರ್ಯಕ್ರಮ ಮಾಡಿದೆವು ಎಂದು ಎಣಿಸಬೇಡಿ. ಜೂನ್‌ನಲ್ಲಿ ಇನ್ನೊಬ್ಬರು ಮಾಡಿಕೊಡುತ್ತಿದ್ದ ಯಾವ ಕೆಲಸವನ್ನು ಮಾರ್ಚ್‌ನಲ್ಲಿ ಅವರೇ ಮಾಡಿಕೊಳ್ಳುತ್ತಿದ್ದಾರೆ ಎಂದು ಎಣಿಸಿ.

ಮೊದಲು ಹೆಸರಿನ ಗೊಂದಲ ಬಿಡಿಸಿಕೊಳ್ಳಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಗುರುತಿಸುತ್ತದೆ. ಅದರಲ್ಲಿ ಬೌದ್ಧಿಕ ಅಸಾಮರ್ಥ್ಯ ಬೇರೆ, ನಿರ್ದಿಷ್ಟ ಕಲಿಕಾ ನ್ಯೂನತೆ ಬೇರೆ. ಮೊದಲನೆಯದು ತಿಳಿವಳಿಕೆಯಲ್ಲಿ, ದಿನನಿತ್ಯದ ಕೆಲಸಗಳಲ್ಲಿ ಇರುವ ಮಿತಿ. ಎರಡನೆಯದು ಡಿಸ್ಲೆಕ್ಸಿಯಾದಂಥದ್ದು, ಓದು-ಬರಹ-ಲೆಕ್ಕದ ತೊಡಕು. ಬ್ರಿಟನ್ನಿನಲ್ಲಿ ಮಾತ್ರ 'ಲರ್ನಿಂಗ್ ಡಿಸೆಬಿಲಿಟಿ' ಎಂದರೆ ನಾವು ಬೌದ್ಧಿಕ ಅಸಾಮರ್ಥ್ಯ ಎನ್ನುವುದೇ. ಅಲ್ಲಿನ ಕೈಪಿಡಿಗಳನ್ನು ಓದುವವರು ಇದನ್ನು ನೆನಪಿಡಬೇಕು. ಅರ್ಜಿ ಬರೆಯುವಾಗ ಹೆಸರು ತಪ್ಪಿದರೆ ಸೌಲಭ್ಯವೇ ತಪ್ಪುತ್ತದೆ. 'ಬುದ್ಧಿಮಾಂದ್ಯ' ಎಂಬ ಹಳೆಯ ಮಾತು ಕೆಲವು ಫಾರಂಗಳಲ್ಲಿ ಇನ್ನೂ ಉಳಿದಿದೆ. ನಿಮ್ಮ ಬಾಯಲ್ಲಿ ಉಳಿಯುವುದು ಬೇಡ.

ಜೂನ್: ಒಬ್ಬರಿಗೆ ಒಂದು ಗುರಿ

ಶಾಲೆಗಳು ತೆರೆಯುವ ಹೊತ್ತಿಗೇ ನಾವೂ ವರ್ಷ ಶುರು ಮಾಡುತ್ತೇವೆ. ಮೊದಲ ಎರಡು ವಾರ ಕೇಂದ್ರದಲ್ಲಿ ಹೊಸದೇನೂ ಕಲಿಸುವುದಿಲ್ಲ. ಸಂಜೆ ಒಬ್ಬೊಬ್ಬರ ಮನೆಗೆ ಹೋಗುತ್ತೇವೆ. ಅಡುಗೆಮನೆ, ಬಚ್ಚಲು, ಮಲಗುವ ಜಾಗ ಎಲ್ಲ ನೋಡುತ್ತೇವೆ. ಕೇಂದ್ರದಲ್ಲಿ ತಾನೇ ಊಟ ಬಡಿಸಿಕೊಳ್ಳುವವನಿಗೆ ಮನೆಯಲ್ಲಿ ಅಮ್ಮ ತುತ್ತು ಕೊಡುತ್ತಿರುತ್ತಾಳೆ. ಇದನ್ನು ಕಂಡು ಅಮ್ಮನನ್ನು ಬೈಯಬಾರದು. ಬೆಳಿಗ್ಗೆ ಎಂಟು ಗಂಟೆಗೆ ಬಸ್ಸಿಗೆ ಓಡಬೇಕಾದ ಮನೆಯಲ್ಲಿ, ಅರ್ಧ ಗಂಟೆ ಹಿಡಿಯುವ ಊಟಕ್ಕೆ ಕಾಯುವವರು ಯಾರು?

ಆಮೇಲೆ ಅವರನ್ನೇ ಕೇಳಿ. ಅಪ್ಪ-ಅಮ್ಮನನ್ನು ಕೇಳುವ ಮೊದಲು ಅವರನ್ನು. ಮಾತು ಬಾರದವರಿಗೆ ಎರಡು ಫೋಟೊ ಮುಂದಿಡಿ: ಇದಾ, ಅದಾ? ಒಮ್ಮೆಗೆ ಎರಡೇ. ಬೇರೆ ದಿನ ಅದೇ ಪ್ರಶ್ನೆಯನ್ನು ಫೋಟೊಗಳ ಜಾಗ ಬದಲಿಸಿ ಕೇಳಿ, ಏಕೆಂದರೆ ಕೆಲವರು ಯಾವಾಗಲೂ ಬಲಗಡೆಯದ್ದನ್ನೇ ಮುಟ್ಟುತ್ತಾರೆ. 'ಬೇಕಾ?' ಎಂದರೆ ಹೂಂ ಎನ್ನುವವರೇ ಹೆಚ್ಚು. ಹೂಂ ಎಂದರೆ ಒಪ್ಪಿಗೆ ಎಂದು ತಿಳಿಯಬೇಡಿ.

ಇಪ್ಪತ್ತೇಳು ವರ್ಷದ ಒಬ್ಬಳ ಮನೆಯವರು ಅಕ್ಷರ ಕಲಿಸಿ ಎಂದಿದ್ದರು. ಅವಳು ಕೈ ಮಾಡಿ ತೋರಿಸಿದ್ದು ತನ್ನ ಜಡೆಯನ್ನು. ಅವಳಿಗೆ ಹೂವು ಬೇಕಿತ್ತು, ಅದೂ ತಾನೇ ಕೊಂಡ ಹೂವು. ಆ ವರ್ಷ ಅವಳ ಹಾಳೆಯಲ್ಲಿ ಬರೆದದ್ದು ಹೀಗೆ: "ದಸರೆಯ ಹೊತ್ತಿಗೆ ಬಸ್‌ಸ್ಟ್ಯಾಂಡ್ ಪಕ್ಕದ ಅಂಗಡಿಯಲ್ಲಿ ದುಡ್ಡು ಕೊಟ್ಟು ಒಂದು ಮೊಳ ಮಲ್ಲಿಗೆ ತಾನೇ ಕೊಳ್ಳುತ್ತಾಳೆ." ಗುರಿ ಎಂದರೆ ಹೀಗಿರಬೇಕು. 'ಸಾಮಾಜಿಕ ಕೌಶಲ ಬೆಳೆಸುವುದು' ಎಂದು ಬರೆದರೆ ಅದು ಆಯಿತೋ ಇಲ್ಲವೋ ಎಂದು ಯಾರೂ ಹೇಳಲಾರರು.

ಕಲಿಸುವುದು: ಕೊನೆಯ ಹೆಜ್ಜೆಯಿಂದ

ಕೆಲಸವನ್ನು ಚೂರು ಚೂರು ಮಾಡಿ. ಹೂವು ಕೊಳ್ಳುವುದನ್ನು ನಾವು ಒಂಬತ್ತು ಹೆಜ್ಜೆ ಮಾಡಿದೆವು: ಪರ್ಸ್ ತೆಗೆದುಕೊಳ್ಳುವುದು, ಅಂಗಡಿಯವರೆಗೆ ನಡೆಯುವುದು, ಸರದಿಗೆ ಕಾಯುವುದು, ಮಲ್ಲಿಗೆಯನ್ನು ತೋರಿಸುವುದು, ಒಂದು ಬೆರಳು ಎತ್ತುವುದು, ನೋಟು ಕೊಡುವುದು, ಪೊಟ್ಟಣ ಹಿಡಿಯುವುದು, ಚಿಲ್ಲರೆಗೆ ಕೈ ಒಡ್ಡುವುದು, ಚಿಲ್ಲರೆ ಪರ್ಸಿಗೆ ಹಾಕಿ ಜಿಪ್ ಎಳೆಯುವುದು. ಮೊದಲ ಎಂಟು ಹೆಜ್ಜೆಗೆ ನೀವು ನೆರವಾಗಿ, ಕೊನೆಯದೊಂದನ್ನು ಅವರಿಗೇ ಬಿಡಿ. ಅದು ಬಂದ ಮೇಲೆ ಕೊನೆಯ ಎರಡು. ಹೀಗೆ ಹಿಂದಿನಿಂದ ಕಲಿಸಿದರೆ ಪ್ರತಿ ಸಲವೂ ಕೆಲಸ ಮುಗಿಸಿದವರು ಅವರೇ ಆಗುತ್ತಾರೆ. ಜಿಪ್ ಎಳೆದು ತಲೆಯೆತ್ತಿ ನೋಡುವಾಗಿನ ಅವಳ ಮುಖ ನೋಡಿದ್ದರೆ ಈ ವಿಧಾನಕ್ಕೆ ಬೇರೆ ಸಮರ್ಥನೆ ಬೇಕಿರಲಿಲ್ಲ.

ನೆರವು ಕೊಡುವುದಕ್ಕೂ ಕ್ರಮವಿದೆ. ಕೈ ಹಿಡಿದು ಮಾಡಿಸುವುದು, ಆಮೇಲೆ ಮೊಣಕೈ ಮುಟ್ಟುವುದು, ಆಮೇಲೆ ಬೆರಳು ತೋರಿಸುವುದು, ಕೊನೆಗೆ ಬರೀ ಕಾಯುವುದು. ಕಾಯುವುದೇ ಕಷ್ಟ. ಹತ್ತು ಸೆಕೆಂಡ್ ಮನಸ್ಸಿನಲ್ಲೇ ಎಣಿಸಿ. ಬಾಯಿಮಾತಿನ ಸೂಚನೆಯನ್ನು ಆದಷ್ಟು ಕಡಿಮೆ ಮಾಡಿ. ಒಮ್ಮೆ ಅಂಟಿಕೊಂಡರೆ ಅದನ್ನು ಬಿಡಿಸುವುದು ಬಲು ಕಷ್ಟ, 'ಈಗ ದುಡ್ಡು ಕೊಡು' ಎನ್ನುವವರೆಗೂ ನಿಂತೇ ಇರುತ್ತಾರೆ.

ನಾವು ಮಾಡಿದ ತಪ್ಪನ್ನೂ ಹೇಳಬೇಕು. ಮೊದಲ ಎರಡು ತಿಂಗಳು ಹಾಲ್‌ನಲ್ಲೇ ಮೇಜು ಹಾಕಿ, ಆಟದ ನೋಟು ಕೊಟ್ಟು ಅಭ್ಯಾಸ ಮಾಡಿಸಿದೆವು. ಅಲ್ಲಿ ಸರಾಗವಾಗಿ ಮಾಡಿದಳು. ನಿಜವಾದ ಅಂಗಡಿಯ ಮುಂದೆ ಕಲ್ಲಾಗಿ ನಿಂತಳು. ಒಂದು ಜಾಗದಲ್ಲಿ ಕಲಿತದ್ದು ಇನ್ನೊಂದು ಜಾಗಕ್ಕೆ ತಾನಾಗಿ ಬರುವುದಿಲ್ಲ. ಆದ್ದರಿಂದ ನಿಜವಾದ ದುಡ್ಡು, ನಿಜವಾದ ಅಂಗಡಿ, ಮೊದಲ ವಾರದಿಂದಲೇ. ಅಂಗಡಿಯವರಿಗೆ ಮುಂಚೆಯೇ ಒಂದು ಮಾತು ಹೇಳಿಡಿ: ಅವಸರ ಮಾಡಬೇಡಿ, ಬಿಟ್ಟಿ ಕೊಡಬೇಡಿ. ಕರುಣೆಯಿಂದ 'ದುಡ್ಡು ಬೇಡಮ್ಮಾ, ತಗೋ' ಎಂದುಬಿಟ್ಟರೆ ಕಲಿಕೆ ಅಲ್ಲಿಗೇ ಮುಗಿಯಿತು.

ಮಳೆಗಾಲ: ಕಾಗದಪತ್ರದ ತಿಂಗಳುಗಳು

ಜುಲೈ, ಆಗಸ್ಟ್‌ನಲ್ಲಿ ಹೊರಗಿನ ಓಡಾಟ ಕಷ್ಟ. ಆ ಹೊತ್ತಿಗೆ ಪ್ರತಿಯೊಬ್ಬರಿಗೂ ಒಂದು ಫೈಲ್ ಮಾಡಿ. ಆಧಾರ್, ಜನನ ಪ್ರಮಾಣಪತ್ರ, ಯುಡಿಐಡಿ (ವೈಕಲ್ಯದ ಗುರುತಿನ) ಕಾರ್ಡ್, ಪಿಂಚಣಿ ಆದೇಶ, ಪಾಸ್‌ಬುಕ್ಕಿನ ಪ್ರತಿ ಒಂದೇ ಕಡೆ ಇರಲಿ. ಚಿಕ್ಕ ವಯಸ್ಸಿನಲ್ಲಿ ಮಾಡಿಸಿದ ವೈಕಲ್ಯ ಪ್ರಮಾಣಪತ್ರವಾದರೆ ಅವಧಿ ಮುಗಿದಿದೆಯೇ ನೋಡಿ. ಹಳ್ಳಿಯವರಿಗೆ ಗ್ರಾಮ ಪಂಚಾಯ್ತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲ್ಲೂಕಿನಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಇದ್ದಾರೆ. ಅರ್ಜಿಯ ಕೆಲಸ ಅವರ ಮೂಲಕ ಹೋದರೆ ಬೇಗ ಆಗುತ್ತದೆ. ಬಸ್ ಪಾಸ್, ರೈಲಿನ ರಿಯಾಯಿತಿ ಕಾರ್ಡನ್ನೂ ಇದೇ ಸುತ್ತಿನಲ್ಲಿ ಮುಗಿಸಿ. ರೈಲಿನಲ್ಲಿ ಜೊತೆಗೆ ಹೋಗುವವರಿಗೂ ಅಷ್ಟೇ ರಿಯಾಯಿತಿ ಇದೆ ಎಂಬುದು ಬಹಳ ಜನಕ್ಕೆ ತಿಳಿದಿಲ್ಲ.

ಇಲ್ಲಿ ಸ್ವಲ್ಪ ನಿಂತು ನೋಡಬೇಕಾದದ್ದು ಬೇರೊಬ್ಬರ ಪರವಾಗಿ ಸಹಿ, ನಿರ್ಧಾರ ಮಾಡುವ ಕಾನೂನಿನ ಅಧಿಕಾರ, ಅಂದರೆ ಲೀಗಲ್ ಗಾರ್ಡಿಯನ್‌ಶಿಪ್. ಮಗನಿಗೆ ಹದಿನೆಂಟಾದ ದಿನದಿಂದ ತಂದೆ-ತಾಯಿ ಕಾನೂನಿನ ಕಣ್ಣಲ್ಲಿ ತಾವಾಗಿಯೇ ಅವನ ಗಾರ್ಡಿಯನ್ ಅಲ್ಲ. ಬ್ಯಾಂಕಿನಲ್ಲಿ, ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಇದು ಎದುರಾದಾಗಲೇ ಹೆಚ್ಚಿನವರಿಗೆ ಗೊತ್ತಾಗುವುದು. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆ ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಸಾಮರ್ಥ್ಯ, ಬಹು ವೈಕಲ್ಯ ಈ ನಾಲ್ಕಕ್ಕೆ ದಾರಿ ಮಾಡಿಕೊಟ್ಟಿದೆ. ಕೋರ್ಟಿಗೆ ಅಲೆಯಬೇಕಿಲ್ಲ, ಜಿಲ್ಲಾಧಿಕಾರಿ ಇರುವ ಸ್ಥಳೀಯ ಮಟ್ಟದ ಸಮಿತಿಗೆ ಅರ್ಜಿ ಹಾಕಬೇಕು. ಸಮಿತಿಯಲ್ಲಿ ನೋಂದಾಯಿತ ಸಂಸ್ಥೆಯೊಂದರ ಪ್ರತಿನಿಧಿ ಮತ್ತು ವೈಕಲ್ಯವಿರುವ ಒಬ್ಬರು ಇರುತ್ತಾರೆ. ಪ್ರಮಾಣಪತ್ರ ಕೈಗೆ ಬಂದ ಮೇಲೂ ಕೆಲಸವಿದೆ: ಗಾರ್ಡಿಯನ್ ಆದವರು ಆರು ತಿಂಗಳೊಳಗೆ ಆ ವ್ಯಕ್ತಿಯ ಆಸ್ತಿ, ಸಾಲಗಳ ಪಟ್ಟಿ ಕೊಡಬೇಕು, ಪ್ರತಿ ಆರ್ಥಿಕ ವರ್ಷ ಮುಗಿದ ಮೂರು ತಿಂಗಳೊಳಗೆ ಲೆಕ್ಕ ಕೊಡಬೇಕು. ಜೂನ್ 30ನ್ನು ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಲ್ಲಿ ಬರೆದಿಡಿ.

ಆದರೆ ಎಲ್ಲರಿಗೂ ಗಾರ್ಡಿಯನ್ ಬೇಕೇ ಬೇಕು ಎಂದು ನಾನು ಒಪ್ಪುವುದಿಲ್ಲ. ತನ್ನ ಹೆಸರು ಬರೆದು, ತನ್ನ ಖಾತೆಯಿಂದ ಐನೂರು ರೂಪಾಯಿ ತೆಗೆಯುವುದು ಏನೆಂದು ತಿಳಿದವನ ಕೈಯಿಂದ ಸಹಿಯನ್ನು ಕಿತ್ತುಕೊಳ್ಳುವುದು ಅನ್ಯಾಯ. ಮೊದಲು ಅವನ ಹೆಸರಲ್ಲೇ ಖಾತೆ ತೆರೆಯಲು ನೋಡಿ.

ನಿರಾಮಯ ಆರೋಗ್ಯ ವಿಮೆ ವರ್ಷಕ್ಕೆ ಒಂದು ಲಕ್ಷ ರೂಪಾಯಿವರೆಗೆ ಇದೇ ನಾಲ್ಕು ಗುಂಪಿನವರಿಗೆ ಸಿಗುತ್ತದೆ. ಸೇರುವ ಮೊದಲು ವೈದ್ಯಕೀಯ ಪರೀಕ್ಷೆ ಕೇಳುವುದಿಲ್ಲ. ಪಾಲಿಸಿ ವರ್ಷ ಏಪ್ರಿಲ್‌ನಿಂದ ಮಾರ್ಚ್, ಹಾಗಾಗಿ ನವೀಕರಣವನ್ನು ಫೆಬ್ರವರಿಯಲ್ಲೇ ನೆನಪು ಮಾಡಿಕೊಳ್ಳಿ. ಥೆರಪಿಯ ಬಿಲ್ಲು, ಔಷಧಿಯ ಚೀಟಿ ಮೂಲಪ್ರತಿಯನ್ನು ಆಯಾ ತಿಂಗಳೇ ಫೈಲಿಗೆ ಹಾಕದಿದ್ದರೆ ಹಣ ವಾಪಸ್ ಸಿಗುವುದಿಲ್ಲ. ಇನ್ನು ಸರಕಾರಿ ನೌಕರಿಯಲ್ಲಿರುವ ತಂದೆ-ತಾಯಿ ಇದ್ದರೆ ಮಗುವಿನ ವೈಕಲ್ಯವನ್ನು ಸೇವಾ ದಾಖಲೆಯಲ್ಲಿ ಈಗಲೇ ಸೇರಿಸಲು ಹೇಳಿ, ಮುಂದೆ ಕುಟುಂಬ ಪಿಂಚಣಿ ಕೇಳುವಾಗ ಅದು ಬೇಕು.

ಮತದಾರರ ಪಟ್ಟಿಯನ್ನು ಮರೆಯಬೇಡಿ. ಕೋರ್ಟು ಅಸ್ವಸ್ಥಚಿತ್ತರೆಂದು ಘೋಷಿಸಿದ ಹೊರತು ಬೌದ್ಧಿಕ ಅಸಾಮರ್ಥ್ಯ ಇರುವವರಿಗೂ ಓಟಿನ ಹಕ್ಕಿದೆ. ನಮ್ಮಲ್ಲಿ ಹದಿನಾಲ್ಕು ಜನ ಕಳೆದ ಸಲ ಓಟು ಹಾಕಿದರು. ಬೆರಳಿನ ಶಾಯಿ ಅಳಿಸಿಹೋಗುವವರೆಗೂ ಎಲ್ಲರಿಗೂ ತೋರಿಸುತ್ತಿದ್ದರು.

ಸೆಪ್ಟೆಂಬರ್: ಆರೋಗ್ಯ

ವರ್ಷಕ್ಕೊಮ್ಮೆ ಎಲ್ಲರಿಗೂ ಪೂರ್ತಿ ತಪಾಸಣೆ ಆಗಲಿ: ಕಣ್ಣು, ಕಿವಿ, ಹಲ್ಲು, ತೂಕ, ರಕ್ತ. ಡೌನ್ ಸಿಂಡ್ರೋಮ್ ಇರುವವರಿಗೆ ಥೈರಾಯ್ಡ್ ಪರೀಕ್ಷೆ ಬಿಡಬಾರದು. ಮಂಕಾಗಿದ್ದಾನೆ, ಸೋಮಾರಿಯಾಗಿದ್ದಾನೆ ಎಂದು ನಾವು ಒಬ್ಬನ ಮೇಲೆ ಆರು ತಿಂಗಳು ಬೇಸರಪಟ್ಟುಕೊಂಡೆವು. ಥೈರಾಯ್ಡ್ ಕಡಿಮೆಯಾಗಿತ್ತು. ಆ ನೋವು ನನಗೆ ಇವತ್ತಿಗೂ ಇದೆ. ನಡವಳಿಕೆ ಇದ್ದಕ್ಕಿದ್ದಂತೆ ಬದಲಾದರೆ ಮೊದಲು ದೇಹವನ್ನು ನೋಡಿ. ತಲೆ ಚಚ್ಚಿಕೊಳ್ಳುವವರಿಗೆ ಕಿವಿನೋವು, ಹಲ್ಲುನೋವು ಇರಬಹುದು. ಊಟ ದೂಡುವವರಿಗೆ ಮಲಬದ್ಧತೆ ಇರಬಹುದು. ಬೈಗುಳಕ್ಕಿಂತ ಮೊದಲು ಡಾಕ್ಟರ್.

ಫಿಟ್ಸ್ ಇರುವವರು ಪ್ರತಿ ಕೇಂದ್ರದಲ್ಲೂ ಇರುತ್ತಾರೆ. ಅಡುಗೆಯವರು, ವ್ಯಾನ್ ಡ್ರೈವರ್ ಸೇರಿ ಎಲ್ಲರಿಗೂ ಇದು ಬಾಯಿಪಾಠ ಇರಲಿ. ಗಡಿಯಾರ ನೋಡಿ. ತಲೆಯ ಕೆಳಗೆ ಮೆತ್ತನೆಯದು ಇಡಿ, ಒಂದು ಮಗ್ಗುಲಿಗೆ ತಿರುಗಿಸಿ. ಬಾಯಿಗೆ ಚಮಚ, ಬಟ್ಟೆ, ನೀರು ಏನೂ ಹಾಕಬೇಡಿ. ಕೈಕಾಲು ಅದುಮಿ ಹಿಡಿಯಬೇಡಿ. ಬೀಗದ ಕೈ ಕೊಡುವುದು, ಈರುಳ್ಳಿ ಮೂಸಿಸುವುದು ಬೇಡ. ಐದು ನಿಮಿಷ ದಾಟಿದರೆ, ಎಚ್ಚರವಾಗದೆ ಮತ್ತೆ ಬಂದರೆ, 108ಕ್ಕೆ ಕರೆ ಮಾಡಿ. ಮಾತ್ರೆಯನ್ನು ಒಂದು ಹೊತ್ತೂ ತಪ್ಪಿಸಬಾರದು. ಹಬ್ಬದ ಉಪವಾಸ ಮಾಡುವ ಮನೆಗಳಿಗೆ ಇದನ್ನು ಬಿಡಿಸಿ ಹೇಳಿ.

ಇದೇ ತಿಂಗಳು ದೇಹದ ಪಾಠವೂ ನಡೆಯಲಿ. ಯಾವುದು ಎಲ್ಲರೆದುರು ಮಾಡುವುದು, ಯಾವುದು ಬಾಗಿಲು ಹಾಕಿಕೊಂಡು ಮಾಡುವುದು, ಯಾರು ಎಲ್ಲಿ ಮುಟ್ಟಬಾರದು, 'ಬೇಡ' ಎಂದು ಹೇಗೆ ಹೇಳುವುದು. ಹೆಣ್ಣುಮಕ್ಕಳಿಗೆ ಮುಟ್ಟಿನ ದಿನಗಳ ಆರೈಕೆಯನ್ನು ಚಿತ್ರಗಳಲ್ಲಿ ಕಲಿಸಿ, ಒಳಉಡುಪಿನ ಮೇಲೆ ಪ್ಯಾಡ್ ಇಡುವ ಜಾಗವನ್ನು ದಾರದಿಂದ ಹೊಲಿದು ಗುರುತು ಮಾಡಿಕೊಟ್ಟರೆ ಬೇಗ ಹಿಡಿಯುತ್ತಾರೆ. ಎಷ್ಟೇ ಆಪ್ತ ಸಿಬ್ಬಂದಿಯಾದರೂ ಬಚ್ಚಲು, ವ್ಯಾನ್, ಮುಚ್ಚಿದ ಕೋಣೆಯಲ್ಲಿ ಒಬ್ಬರೇ ಒಬ್ಬರ ಜೊತೆ ಇರದಂತೆ ನಿಯಮ ಮಾಡಿ. ನಂಬಿಕೆ ಇದೆ ಎಂದು ಈ ನಿಯಮ ಸಡಿಲಿಸಬೇಡಿ.

ಮಾತಿನ ಬಗ್ಗೆ ಒಂದು ಮಾತು. ನಮ್ಮಲ್ಲಿ ನಲವತ್ತಾರರವರನ್ನೂ 'ಮಗು, ಪುಟ್ಟಾ' ಎನ್ನುವ ರೂಢಿ ಇತ್ತು. ಪ್ರೀತಿಯಿಂದಲೇ. ಆದರೆ ಸಂತೆಯಲ್ಲಿ, ಬಸ್ಸಿನಲ್ಲಿ ಬೇರೆಯವರೂ ಅದನ್ನೇ ಕಲಿತರು. ಈಗ ಹಿರಿಯರಿಗೆ 'ನೀವು, ಬನ್ನಿ', ಇಲ್ಲವೇ ಹೆಸರಿನ ಮುಂದೆ ಅಣ್ಣ, ಅಕ್ಕ. ಮೊದಲ ದಿನ 'ಬನ್ನಿ ಅಣ್ಣಾ' ಎಂದಾಗ ಅವರು ಹಿಂದೆ ತಿರುಗಿ ಯಾರನ್ನು ಕರೆದರು ಎಂದು ನೋಡಿದರು.

ದಸರೆಯಿಂದ ಸಂಕ್ರಾಂತಿ: ದುಡಿಮೆ

ಹಬ್ಬದ ಸಾಲು ಬಂದಾಗಲೇ ನಮ್ಮಂಥವರ ಸರಕಿಗೆ ಗಿರಾಕಿ. ದೀಪಾವಳಿಗೆ ಹೂಬತ್ತಿ, ಬಣ್ಣದ ಹಣತೆ. ಸಂಕ್ರಾಂತಿಗೆ ಎಳ್ಳು-ಬೆಲ್ಲ. ಯಾವ ಕೆಲಸ ಆರಿಸಿಕೊಂಡರೂ ಎರಡು ಗುಣ ಇರಲಿ: ಅನೇಕ ಚಿಕ್ಕ ಹೆಜ್ಜೆಗಳು ಇರಬೇಕು, ಒಬ್ಬೊಬ್ಬರಿಗೆ ಒಂದೊಂದು ಹಂಚಲು, ಜನ ಅನುಕಂಪಕ್ಕಲ್ಲ, ಬೇಕಾಗಿಯೇ ಕೊಳ್ಳುವಂಥದ್ದಾಗಿರಬೇಕು.

ಎಳ್ಳು-ಬೆಲ್ಲದ ಮೇಜು ಹೇಗಿರುತ್ತದೆ ನೋಡಿ. ಐದು ಡಬ್ಬಿ ಸಾಲಾಗಿ: ಬಿಳಿ ಎಳ್ಳು, ಬೆಲ್ಲದ ಅಚ್ಚಿನ ಚೂರು, ಕೊಬ್ಬರಿ, ಹುರಿದ ಕಡಲೆಬೀಜ, ಹುರಿಗಡಲೆ. ಪ್ರತಿ ಡಬ್ಬಿಯ ಮುಂದೆ ಒಬ್ಬರು, ಒಂದೇ ಅಳತೆಯ ಚಮಚ. ಬಟ್ಟಲು ಎಡದಿಂದ ಬಲಕ್ಕೆ ಸಾಗುತ್ತದೆ. ಕೊನೆಯಲ್ಲಿ ತಕ್ಕಡಿ ಅಲ್ಲ, ಗಾಜಿನ ಲೋಟ; ಅದಕ್ಕೆ ಕೆಂಪು ಟೇಪಿನ ಗೆರೆ. ಗೆರೆ ಮುಟ್ಟಿದರೆ ಸರಿ, ಅಂಕಿ ಓದಬೇಕಿಲ್ಲ. ಸೀಲಿಂಗ್ ಯಂತ್ರದ ಹತ್ತಿರ ಮಾತ್ರ ಸಿಬ್ಬಂದಿ. ಒಬ್ಬ ಕೊಬ್ಬರಿಯನ್ನು ತಿನ್ನುತ್ತಲೇ ಇರುತ್ತಾನೆ. ಅವನಿಗೆ ಚೀಟಿ ಅಂಟಿಸುವ ಕೆಲಸ ಕೊಟ್ಟೆವು, ಎರಡು ಕಡೆಯೂ ನೆಮ್ಮದಿ. ತಿನ್ನುವ ಪದಾರ್ಥ ಮಾರುವುದಕ್ಕೆ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ ಮೊದಲೇ ಆಗಿರಲಿ.

ಬಂದ ಹಣದಲ್ಲಿ ಸಾಮಗ್ರಿಯ ಖರ್ಚು ಕಳೆದು ಉಳಿದದ್ದನ್ನು ಅವರ ಕೈಗೆ ಕೊಡಿ. ಬ್ಯಾಂಕಿಗೆ ಹಾಕುವುದು ಒಳ್ಳೆಯದೇ, ಆದರೆ ಸ್ವಲ್ಪವಾದರೂ ನೋಟಾಗಿ ಕೈಗೆ ಬರಬೇಕು. ಕೇಂದ್ರದ ಬಾಡಿಗೆಗೆ ಅದನ್ನು ಮುಟ್ಟಬೇಡಿ. ಬಾಡಿಗೆಗೆ ದೇಣಿಗೆ ಕೇಳೋಣ, ಕೂಲಿ ಕೂಲಿಯೇ.

ನಡುವೆ ಡಿಸೆಂಬರ್ 3, ವಿಶ್ವ ಅಂಗವಿಕಲರ ದಿನ. ಅತಿಥಿಗಳು ಬರುತ್ತಾರೆ, ಹಣ್ಣು ಹಂಚುತ್ತಾರೆ, ಫೋಟೊ ತೆಗೆಸಿಕೊಳ್ಳುತ್ತಾರೆ. ಅವರ ಮನಸ್ಸು ಒಳ್ಳೆಯದೇ. ನಾವು ಈಗ ಅತಿಥಿಗಳಿಗೆ ಮೊದಲೇ ಹೇಳುತ್ತೇವೆ: ಅರ್ಧ ದಿನ ಇವರ ಪಕ್ಕ ಕೂತು ಹೂಬತ್ತಿ ಹೊಸೆಯಿರಿ. ಫೋಟೊಗೆ ಅವರ ಒಪ್ಪಿಗೆ ಕೇಳಿ, ಮುಖ ತಿರುಗಿಸಿದರೆ ಅದು 'ಬೇಡ'.

ಫೆಬ್ರವರಿ, ಮಾರ್ಚ್: ಲೆಕ್ಕ ಮತ್ತು ವರದಿ

ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಕೆಳಗೆ ನೋಂದಾಯಿಸಿದ್ದರೆ ಪ್ರತಿವರ್ಷ ಸರ್ವಸದಸ್ಯರ ಸಭೆ, ಆಡಿಟ್, ರಿಜಿಸ್ಟ್ರಾರರಿಗೆ ಪಟ್ಟಿ ಸಲ್ಲಿಸುವುದು ತಪ್ಪದು. ಎರಡು ಮೂರು ವರ್ಷ ಬಾಕಿ ಬಿಟ್ಟರೆ ಅನುದಾನದ ಅರ್ಜಿ ಹಾಕುವಾಗ ಎಲ್ಲ ಒಟ್ಟಿಗೆ ಕುತ್ತಿಗೆಗೆ ಬರುತ್ತದೆ. ತೆರಿಗೆ ವಿನಾಯಿತಿಯ ರಸೀದಿ ಕೊಡುವ ಸಂಸ್ಥೆಯಾದರೆ ದಾನಿಗಳ ಹೆಸರು, ಪ್ಯಾನ್ ವಿವರಗಳನ್ನು ಮೇ 31ರೊಳಗೆ ಸಲ್ಲಿಸಬೇಕು. 2,000 ರೂಪಾಯಿ ಮೀರಿದ ನಗದಿಗೆ ದಾನಿಗೆ ವಿನಾಯಿತಿ ಇಲ್ಲ, ಚೆಕ್ ಅಥವಾ ಆನ್‌ಲೈನ್ ಕೇಳಿ. ಹೊರದೇಶದ ಕನ್ನಡಿಗರು ನೆರವಾಗುತ್ತೇವೆ ಎಂದರೆ ಮೊದಲು ಪಾಸ್‌ಪೋರ್ಟ್ ಯಾವ ದೇಶದ್ದು ಎಂದು ಕೇಳಿ. ಭಾರತದ ಪೌರರೇ ಆಗಿ ಅಲ್ಲಿ ದುಡಿಯುತ್ತಿರುವವರು ತಮ್ಮ ಸಂಪಾದನೆಯಿಂದ ಬ್ಯಾಂಕಿನ ಮೂಲಕ ಕಳಿಸಿದ್ದು ವಿದೇಶಿ ದೇಣಿಗೆ ಅಲ್ಲ. ಅಲ್ಲಿನ ಪೌರತ್ವ ಪಡೆದವರ ಹಣಕ್ಕೆ, ಒಸಿಐ (ವಿದೇಶಿ ಪೌರತ್ವದ ಭಾರತೀಯ ಮೂಲದವರ) ಕಾರ್ಡ್ ಇದ್ದರೂ, ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ಅನುಮತಿ ಬೇಕು. ಗೊತ್ತಿಲ್ಲದೆ ತೆಗೆದುಕೊಂಡೆವು ಎಂದರೆ ಯಾರೂ ಕೇಳುವುದಿಲ್ಲ.

ವಾರ್ಷಿಕ ವರದಿಯನ್ನು ಎರಡು ಬಗೆ ಬರೆಯಿರಿ. ಒಂದು ದಾನಿಗಳಿಗೆ, ಲೆಕ್ಕಪತ್ರದೊಂದಿಗೆ. ಇನ್ನೊಂದು ಅವರಿಗೇ. ಒಬ್ಬರಿಗೆ ಒಂದು ಪುಟ, ದೊಡ್ಡ ಫೋಟೊ, ಕೆಳಗೆ ಒಂದೇ ವಾಕ್ಯ: "ನಾನು ಹೂವು ಕೊಳ್ಳುತ್ತೇನೆ." ಸಭೆಯಲ್ಲಿ ಅವರೇ ಎತ್ತಿ ತೋರಿಸುತ್ತಾರೆ. ಗುರಿ ಮುಟ್ಟದವರ ಪುಟವೂ ಇರಲಿ: "ನಾನು ಬಸ್ ಹತ್ತುವುದನ್ನು ಕಲಿಯುತ್ತಿದ್ದೇನೆ." ಕಳೆದ ವರ್ಷ ಹತ್ತೊಂಬತ್ತರಲ್ಲಿ ಏಳು ಜನರದ್ದು ಹಾಗೇ ಇತ್ತು. ಅದನ್ನು ದಾನಿಗಳ ವರದಿಯಲ್ಲೂ ಮುಚ್ಚಿಡಲಿಲ್ಲ.

ಏಪ್ರಿಲ್, ಮೇ: ರಜೆ, ಮತ್ತು ಒಂದು ನೋಟ್‌ಬುಕ್

ಪೂರ್ತಿ ಎರಡು ತಿಂಗಳು ಮುಚ್ಚಬೇಡಿ. ಮನೆಯವರಿಗೆ ಅದು ರಜೆಯಲ್ಲ, ಶಿಕ್ಷೆ. ನಾವು ಹದಿನೈದು ದಿನ ಮಾತ್ರ ಮುಚ್ಚುತ್ತೇವೆ, ಉಳಿದ ದಿನ ಅರ್ಧ ಹೊತ್ತು ತೆರೆದಿರುತ್ತದೆ. ಮದುವೆ, ಗೃಹಪ್ರವೇಶ ಇದ್ದ ಮನೆಯವರು ಹೇಳಿದರೆ ಒಂದು ಹಗಲು ಪೂರ್ತಿ ನೋಡಿಕೊಳ್ಳುತ್ತೇವೆ. ಮಗನ ಜೊತೆಗೂ ಹೋಗಬಹುದು, ಬಿಟ್ಟೂ ಹೋಗಬಹುದು ಎಂಬ ಆಯ್ಕೆ ಸಿಕ್ಕಾಗ ಹೆಚ್ಚಿನವರು ಕರೆದುಕೊಂಡೇ ಹೋಗುತ್ತಾರೆ ಎಂಬುದನ್ನು ನೋಡಿದ್ದೇನೆ.

ಈ ಬಿಡುವಿನಲ್ಲಿ ಪ್ರತಿ ಮನೆಯವರನ್ನೂ ಕೂರಿಸಿ ಒಂದು ನೋಟ್‌ಬುಕ್ ಬರೆಸಿ. ಎಲ್ಲ ತಂದೆ-ತಾಯಿಯ ಗಂಟಲಲ್ಲಿ ಸಿಕ್ಕಿಕೊಂಡಿರುವ ಪ್ರಶ್ನೆ 'ನಮ್ಮ ನಂತರ ಯಾರು?' ಎನ್ನುವುದು. ಅದಕ್ಕೆ ಪೂರ್ತಿ ಉತ್ತರ ಯಾವ ಸಂಸ್ಥೆಯ ಬಳಿಯೂ ಇಲ್ಲ. ಆದರೆ ನಂತರ ಬರುವವರು ಯಾರೇ ಆಗಲಿ, ತಮ್ಮನೋ, ಅತ್ತಿಗೆಯೋ, ಹಾಸ್ಟೆಲಿನ ಸಿಬ್ಬಂದಿಯೋ, ಅವರ ಕೈಗೆ ಕೊಡಲು ಒಂದು ಪುಸ್ತಕ ಇರಬಹುದು. ಔಷಧಿಯ ಹೆಸರು, ಹೊತ್ತು ಮೊದಲ ಪುಟದಲ್ಲಿ. ಆಮೇಲೆ ಅಮ್ಮನಿಗೆ ಮಾತ್ರ ಗೊತ್ತಿರುವ ಸಂಗತಿಗಳು. ಬರೆಯಲು ಬಾರದ ಅಮ್ಮಂದಿರು ಹೇಳಲಿ, ನೀವು ಬರೆದುಕೊಳ್ಳಿ, ಅವರ ಮಾತನ್ನು ತಿದ್ದದೆ. ಅಂಥ ಒಂದು ಪುಟ ಹೀಗಿದೆ:

"ಚಾ ಆರಿಸಿ ಕೊಡಬೇಕು, ಬಿಸಿ ಅಂತ ಹೇಳಲು ಬರುವುದಿಲ್ಲ. ಅಂಗಿಯ ಕಾಲರ್ ಕುತ್ತಿಗೆಗೆ ತಾಗಿದರೆ ಕಿರುಚುತ್ತಾನೆ, ಟೀಶರ್ಟ್ ಹಾಕಿ. ಸಂಜೆ ಏಳಕ್ಕೆ ಬಾಗಿಲ ಹತ್ತಿರ ನಿಲ್ಲುತ್ತಾನೆ, ಅಪ್ಪ ಬರುವ ಹೊತ್ತು. ಅವರು ಹೋಗಿ ಮೂರು ವರ್ಷ ಆಯಿತು. ಬೈಯಬೇಡಿ, ಸ್ವಲ್ಪ ಹೊತ್ತು ಜೊತೆಗೆ ನಿಂತರೆ ತಾನೇ ಒಳಗೆ ಬರುತ್ತಾನೆ. ಗುಡುಗಿಗೆ ಹೆದರುತ್ತಾನೆ. ರೇಡಿಯೊ ಜೋರಾಗಿ ಹಾಕಿ."